ಕುದುರಿ ಏರೂದ್ಕಿಂತ ತಕ್ಕಡಿ ಏರೂದ ಕಷ್ಟ

ಹೋದ ಸಂಚಿಕೆಯಾಗ ರೇಸಿನಾಗ ಕುದುರಿ ಏರಿ ಓಡ್ಸೂ ಜಾಕಿಗಳ ಬಗ್ಗೆ ಏನರೆ ಕೇಳೂದಿದ್ರ ಬರೀರಿ ಅಂತ ನಾಕು ಸಾಲು ಹಾಕಿದ್ವಿ. ರಾಶಿ ಪತ್ರ, ವಾಟ್ಸಾಪ್ ಮೆಸೇಜ್ ಬಂದ್ವು, ಅದ್ರಾಗ ಅರ್ಧಕ್ಕರ್ಧ "ಈ ವಾರ ಯಾವ ಕುದುರಿ ಗೆಲ್ತೈತಿ ಹೇಳ್ರಿ" ಅನ್ನೂವ, ಅವನ್ನ ಒಂದರಾಗ ಮುಗಿಸೇವಿ. ಉತ್ತರ ಕೊಟ್ಟಾವ್ರು ಬೆಂಗಳೂರು, ಮೈಸೂರು ಟ್ರ್ಯಾಕಿನಾಗ ವರ್ಷಗಟ್ಲೆ ಕುದುರಿ ಮ್ಯಾಲ ಇದ್ದು ಈಗ ಹಳೇಹುಬ್ಬಳ್ಳಿಗೆ ಬಂದು ಸೇರ್ಕೊಂಡಾವ್ರು. ಹೆಸರು ಹಾಕಬ್ಯಾಡ್ರಿ ಅಂದ್ರು, ಹಾಕಿಲ್ಲ. ಮಾತು ಅವ್ರು ಆಡಿದಂಗ ಇಟ್ಟೇವಿ.

ನನ್ನ ಮಗಗ 15 ವರ್ಷ, 41 ಕಿಲೋ ಅದಾನ. ಊರಾಗ ಕುದುರಿ ಗಾಡಿ ಓಟದಾಗ ಅಂವಂದ ಹೆಸರು. "ಇವನ್ನ ಬೆಂಗಳೂರಿಗೆ ಕಳಸು, ಜಾಕಿ ಆಗ್ತಾನ, ಕೋಟಿ ದುಡೀತಾನ" ಅಂತ ಎಲ್ರೂ ತಲಿ ತಿನ್ನಾಕತ್ತಾರ. ಕಳಸ್ಲೇನು?
– ಒಬ್ಬ ತಂದಿ, ಕುಂದಗೋಳ

ಮೊದ್ಲು ಒಂದು ಮಾತು ಹೇಳ್ರಿ ಯಜಮಾನ್ರ, ನೀವು ಎಷ್ಟು ಎತ್ತರ ಅದೀರಿ, ಅವ್ರವ್ವ ಎಷ್ಟು ಎತ್ತರ, ಹುಡುಗನ ಸೋದರಮಾವಂದಿರು ಹೆಂಗದಾರ? ಯಾಕಂದ್ರ 15 ವರ್ಷಕ್ಕ 41 ಕಿಲೋ ಇರೂದು ಏನೂ ದೊಡ್ಡ ಮಾತಲ್ಲ, 19ಕ್ಕ ಎಷ್ಟಾಗ್ತಾನ ಅನ್ನೂದ ಪ್ರಶ್ನೆ. ನನ್ನ ಜೋಡಿ ಕಲಿಯಾಕ ಬಂದ ಹುಡುಗ್ರೊಳಗ ಕೈ ಚೊಲೊ ಇದ್ದಾವ್ರು, ಧೈರ್ಯ ಇದ್ದಾವ್ರು ಎಷ್ಟೋ ಮಂದಿ ಬರೇ ಬೆಳದ್ರು ಅನ್ನೂ ಕಾರಣಕ್ಕ ವಾಪಸ್ ಹೋದ್ರು. ಹಳೇ ಟ್ರೇನರ್‌ಗಳು ಹುಡುಗನ ಮಾರಿ ನೋಡ್ತಿದ್ದಿಲ್ಲ, ಪಾದ ಮತ್ತ ಅಂಗೈ ನೋಡ್ತಿದ್ರು. ಪಾದ ದೊಡ್ಡದಿತ್ತಂದ್ರ ಇಂವ ಬೆಳಿಯಾಂವ ಅಂತ ತಿಳಕೊಂತಿದ್ರು, ಭಾಳ ಸಲ ಖರೇನೂ ಆಗ್ತಿತ್ತು.

ಇನ್ನ ಗಾಡಿ ಓಟ. ಅದರಿಂದ ಒಂದು ಲಾಭ ಐತಿ, ಹುಡುಗಗ ಕುದುರಿ ಅಂದ್ರ ಅಂಜಿಕಿ ಇಲ್ಲ. ಆದ್ರ ಗಾಡಿ ಮ್ಯಾಲ ನಿಂತು ಹಗ್ಗ ಜಗ್ಗಿ ಒದರಿ ಓಡ್ಸೂ ಕೈ ಬ್ಯಾರೆ, ರೇಸಿನ ಲಗಾಮು ಹಿಡಿಯೂ ಕೈ ಬ್ಯಾರೆ. ಥರೋಬ್ರೆಡ್, ಅಂದ್ರ ರೇಸಿನ ತಳಿ ಕುದುರಿ, 450-500 ಕಿಲೋ ಮೈ, ಬಾಯಿ ಮಾತ್ರ ಭಾಳ ನಾಜೂಕು. ಜಗ್ಗಿದಷ್ಟು ಅದು ತಿರುಗಿ ಜಗ್ಗತೈತಿ. ಗಾಡಿ ಓಡ್ಸಿದ ಹುಡುಗ್ರಿಗೆ ಮೊದಲ ಆರು ತಿಂಗಳು ಕಲ್ತದ್ದನ್ನ ಮರಸೂದ ಕೆಲಸ ಆಗ್ತಿತ್ತು.

ದಾರಿ ಏನಂದ್ರ, ಬೆಂಗಳೂರು ಟರ್ಫ್ ಕ್ಲಬ್‌ನಾಗ ಅಪ್ರೆಂಟಿಸ್ ಜಾಕಿಗಳಿಗಂತ ಸ್ಕೂಲ್ ಐತಿ. ತೂಕ, ಎತ್ತರ, ಕಣ್ಣು, ಎಲುಬು ಎಲ್ಲಾ ನೋಡಿ ತಗೊಂತಾರ. ಕಲ್ತ ಮ್ಯಾಲ ಒಬ್ಬ ಟ್ರೇನರ್ ಕೈ ಕೆಳಗ ಅಪ್ರೆಂಟಿಸ್ ಆಗಿ ಸೇರಬೇಕು. ಅಲ್ಲಿ ದಿನಾ ನಸುಕಿನ್ಯಾಗ 4ಕ್ಕ ಏಳೂದು, ಬೆಳಕು ಹರಿಯೂದ್ರಾಗ ಟ್ರ್ಯಾಕಿನಾಗ ಇರೂದು, ಒಂದು ಕುದುರಿ ಇಳದು ಇನ್ನೊಂದು ಏರೂದು, ಹಿಂಗ ಐದಾರು ಕುದುರಿ ಮುಗಸೂದು, ಲಾಯದಾಗ ಕೆಲಸ, ಸಂಜಿಗೆ ಮತ್ತ ಲಾಯ. ಮಳಿ ಇರ್ಲಿ, ಜ್ವರ ಇರ್ಲಿ, ಊರಾಗ ಜಾತ್ರಿ ಇರ್ಲಿ, ಕುದುರಿಗೆ ರಜಾ ಗೊತ್ತಿಲ್ಲ. ಹಿಂಗ ಎರಡು ಮೂರು ವರ್ಷ ಹೋದ ಮ್ಯಾಲ ಲೈಸೆನ್ಸ್, ಆಮ್ಯಾಲ ಒಂದು ರೇಸಿಗೆ ಅವಕಾಶ. ಹೊಸಾ ಹುಡುಗ್ರಿಗೆ ತೂಕದಾಗ ಕೆಲವು ಕಿಲೋ ರಿಯಾಯ್ತಿ ಕೊಡ್ತಾರ, ಅಲೌನ್ಸ್ ಅಂತಾರ. ಅಂದ್ರ ಇವನ್ನ ಕೂಡ್ಸಿದ್ರ ಕುದುರಿಗೆ ಹೊರೆ ಕಡಿಮಿ. ಆ ಆಸೆಗೆ ಟ್ರೇನರ್‌ಗಳು ಕೂಡಸ್ತಾರ. ಗೆಲ್ತಾ ಹೋದಂಗ ಆ ರಿಯಾಯ್ತಿ ಇಳಕೋತ ಹೋಗಿ ಒಂದಿನ ಪೂರ್ತಿ ಹೋಗ್ತೈತಿ, ಹುಡುಗ ದೊಡ್ಡ ಜಾಕಿಗಳ ಜೋಡಿ ಸರಿಸಮ ನಿಂದರಬೇಕಾಗ್ತೈತಿ. ಅಲ್ಲೇ ಭಾಳ ಮಂದಿ ಕಳದು ಹೋಗ್ತಾರ. ಅಪ್ರೆಂಟಿಸ್ ಇದ್ದಾಗ ಪೇಪರಿನಾಗ ಹೆಸರು ಬಂದಾವ, ಅಲೌನ್ಸ್ ಹೋದ ಮರುವರ್ಷ ಮೌಂಟ್ (ರೇಸಿಗೆ ಏರಾಕ ಕುದುರಿ) ಸಿಗದ ಮುಂಜಾನಿ ತಾಲೀಮಿನ ಗ್ಯಾಲಪ್ ಅಷ್ಟ ಹೊಡಕೊಂಡು ಇರೂದನ್ನ ಕಣ್ಣಾರೆ ನೋಡೇನಿ.

ಅದಕ್ಕ ನನ್ನ ಮಾತು ಇಷ್ಟ, ಎಸ್ಸೆಸ್ಸೆಲ್ಸಿ ಮುಗಸ್ಲಿ. ಕನ್ನಡ ಜೋಡಿ ಒಂದಿಷ್ಟು ಇಂಗ್ಲಿಷ್ ಹಿಂದಿ ಬರ್ಲಿ, ಸ್ಟುವರ್ಡ್ಸ್ (ರೇಸಿನ ತಪ್ಪು ಒಪ್ಪು ವಿಚಾರಿಸೂ ಅಧಿಕಾರಿಗಳು) ಮುಂದ ನಿಂತು ತನ್ನ ಮಾತು ತಾನ ಹೇಳೂವಷ್ಟರೆ ಬೇಕು. ಕೋಟಿ ಮಾತು ಆಡಾವ್ರು ಯಾರೂ ಲಾಯದಾಗ ಒಂದು ರಾತ್ರಿ ಮಲಗಿದಾವ್ರಲ್ಲ.

ನಾವು ಗರಡಿ ಮಂದಿ. ಕುಸ್ತಿಗೆ ಮುಂಚೆ ತೂಕ ಇಳಸೂದು ನಮಗ ಗೊತ್ತೈತಿ. ಜಾಕಿಗಳು ಹೆಂಗ ಇಳಸ್ತಾರ? ಅವರದು ಹೆಚ್ಚಿನ ತ್ರಾಸೋ ನಮ್ಮದೋ?
– ಪೈಲ್ವಾನ, ಗದಗ-ಬೆಟಗೇರಿ

ನಿಮ್ಮದು ತ್ರಾಸ ಇಲ್ಲ ಅನ್ನಂಗಿಲ್ಲ ಪೈಲ್ವಾನ್ರ, ಆದ್ರ ನಿಮಗ ತೂಕ ಮುಗಿದ ಮ್ಯಾಲ ಉಣ್ಣಾಕ ಕುಡಿಯಾಕ ವ್ಯಾಳೆ ಸಿಗ್ತೈತಿ, ಕುಸ್ತಿ ಮುಗಿದ ಮ್ಯಾಲ ಎರಡು ತಿಂಗಳು ತುಪ್ಪ ಬದಾಮಿ ಹೊಡೀತೀರಿ. ಜಾಕಿಗೆ ಸೀಸನ್ ಪೂರ್ತಿ ಇದ ಹಣೆಬರಹ. ಒಂದ ದಿನದಾಗ ಐದು ರೇಸ್ ಇದ್ರ ಐದೂ ರೇಸಿಗೆ ಮುಂಚೆ ತಕ್ಕಡಿ, ಗೆದ್ದು ಬಂದ್ರ ಮತ್ತ ತಕ್ಕಡಿ.

ಹೆಂಗ ನಡೀತೈತಿ ಅಂದ್ರ, ಹ್ಯಾಂಡಿಕ್ಯಾಪ್ ರೇಸಿನಾಗ ಪ್ರತಿ ಕುದುರಿಗೂ ಇಷ್ಟು ತೂಕ ಹೊರಬೇಕು ಅಂತ ಮೊದ್ಲ ಬರದಿರ್ತಾರ, ಚೊಲೊ ಕುದುರಿಗೆ ಹೆಚ್ಚು, ಸುಮಾರಿನದಕ್ಕ ಕಡಿಮಿ, 50ರ ಆಸುಪಾಸಿನಿಂದ 60 ಕಿಲೋ ಆಸುಪಾಸಿನ ತನಕ. ಅದು ಜಾಕಿ ಒಬ್ಬಂದ ತೂಕ ಅಲ್ಲ, ಜೀನು, ಅದರ ಪಟ್ಟಿ, ಬೂಟು ಎಲ್ಲಾ ಸೇರಿ. ಹಂಗಾಗಿ ಹಗುರ ಜೀನು ಹಾಕ್ತಾರ, ಕೆಲವು ಜೀನು ಅರ್ಧ ಕಿಲೋನೂ ತೂಗಂಗಿಲ್ಲ, ಕೈಯಾಗ ಹಿಡದ್ರ ಚಪ್ಪಲಿ ಹಿಡದಂಗ ಆಗ್ತೈತಿ. ವೇಯಿಂಗ್ ರೂಮಿನಾಗ ಜೀನು ಎದಿಗೆ ಅವಚಿಕೊಂಡು ತಕ್ಕಡಿ ಮ್ಯಾಲ ನಿಂತಾಗ ಎದುರಿಗೆ ಕ್ಲರ್ಕ್ ಆಫ್ ದಿ ಸ್ಕೇಲ್ಸ್, ಅಂದ್ರ ತೂಕ ನೋಡೂ ಅಧಿಕಾರಿ, ಕೂತಿರ್ತಾರ, ಮುಳ್ಳು ನಿಂದ್ರೂತನಕ ಯಾರೂ ಉಸಿರು ಬಿಡಂಗಿಲ್ಲ. ಕಡಿಮಿ ಬಿತ್ತಂದ್ರ ಜೀನಿನ ಕೆಳಗಿನ ಬಟ್ಟಿ ಕಿಸೆದಾಗ ತೆಳ್ಳನ ಸೀಸದ ತಗಡು ತುರುಕ್ತಾರ. ಹೆಚ್ಚು ಬಿತ್ತಂದ್ರ ಆ ಹೆಚ್ಚಿಗೆ ತೂಕಾನ ಎಲ್ರಿಗೂ ಗೊತ್ತಾಗೂಹಂಗ ಸಾರ್ತಾರ, ಮಾಲೀಕರ ಮಾರಿ ಸಣ್ಣದಾಗ್ತೈತಿ, ಮುಂದಿನ ಸಲ ಆ ಕುದುರಿ ನಿಮಗ ಸಿಗಂಗಿಲ್ಲ. ರೇಸ್ ಮುಗಿದ ಮ್ಯಾಲ ತೂಕ ಕಡಿಮಿ ಬಂತೋ, ಕುದುರಿ ಗೆದ್ದಿದ್ರೂ ಡಿಸ್ಕ್ವಾಲಿಫೈ.

ಹಂಗಾಗಿ ಏನ್ ಮಾಡ್ತಾರ? ಮೇ ತಿಂಗಳ ಬಿಸಲಾಗ ಎರಡು ಸ್ವೆಟರ್ ಮ್ಯಾಲ ಪ್ಲಾಸ್ಟಿಕ್ ಜಾಕೀಟು ಹಾಕ್ಕೊಂಡು ಓಡ್ತಾರ, ಬಿಸಿನೀರಿನ ಬಕೀಟು ಇಟ್ಕೊಂಡು ಬಾಗಲಾ ಹಾಕಿದ ಬಾತ್‌ರೂಮಿನಾಗ ಕುಂದರ್ತಾರ, ಸೌನಾ ಇದ್ದಲ್ಲಿ ಸೌನಾ. ರಾತ್ರಿ ಅರ್ಧ ರೊಟ್ಟಿ, ಒಂದು ಚಮಚ ಪುಂಡಿಪಲ್ಯಾ, ಅದೂ ಎಣ್ಣಿ ಇಲ್ದ. ಬಾಯಾರಿದ್ರ ನೀರು ಬಾಯಾಗ ಹಾಕ್ಕೊಂಡು ಮುಕ್ಕಳಿಸಿ ಉಗುಳೂದು. ಒಂದು ಕಿಲೋ ಬೆವರು ಹರೀತು ಅಂದ್ರ ಮೈಯಾಗಿಂದು ಒಂದು ಲೀಟರ್ ನೀರು ಹೋತು ಅಂತ ಅರ್ಥ, ಆ ಸ್ಥಿತಿಯಾಗ ತಾಸಿಗೆ 60 ಕಿಲೋಮೀಟರ್ ಓಡೂ ಪ್ರಾಣಿ ಮ್ಯಾಲ ಕುಂದರಬೇಕು, ಕಣ್ಣು ಕತ್ತಲಿ ಬಂದ್ರ ಕಥಿ ಮುಗೀತು. ಮೂತ್ರ ಹೋಗಿಸೂ ಗುಳಗಿ ನುಂಗಾವ್ರೂ ಒಂದ್ಕಾಲಕ್ಕ ಇದ್ರು, ಈಗ ಅದು ಡೋಪಿಂಗ್ ಪಟ್ಟಿಯಾಗ ಐತಿ, ಸಿಕ್ಕಬಿದ್ರ ಲೈಸೆನ್ಸ್ ಹೋಗ್ತೈತಿ.

ಇದು ಇವತ್ತಿಂದಲ್ಲ. ಇಂಗ್ಲೆಂಡಿನ ಫ್ರೆಡ್ ಆರ್ಚರ್ ಅಂತ ಜಾಕಿ, 13 ಸಲ ಚಾಂಪಿಯನ್, ಎತ್ತರದ ಆಳು, ಜೀವನ ಪೂರ್ತಿ ಉಪವಾಸ ಬಿದ್ದು ಬಿದ್ದು ಮೈ ಹಣ್ಣಾಗಿ, ಜ್ವರ ಹಿಡದು, 1886ರಾಗ 29ನೇ ವಯಸ್ಸಿಗೆ ತನ್ನ ಜೀವಾ ತಾನ ತಕ್ಕೊಂಡ. ಲೆಸ್ಟರ್ ಪಿಗಟ್ ಅಂತೂ 5 ಅಡಿ 8 ಇಂಚು ಇದ್ದಾಂವ, 9 ಸಲ ಇಂಗ್ಲೆಂಡಿನ ದೊಡ್ಡ ರೇಸ್ ಎಪ್ಸಮ್ ಡರ್ಬಿ ಗೆದ್ದಾನ. ಅಂವ ಸಿಗಾರು ಸೇದಿ ಹೊಟ್ಟಿ ಮುಚ್ಚಿಸ್ತಿದ್ದ ಅನ್ನೂದನ್ನ ಹುಡುಗ್ರು ಈಗ್ಲೂ ದೊಡ್ಡಸ್ತಿಕಿಲೆ ಹೇಳ್ತಾರ, ನನಗ ಅದರಾಗ ದೊಡ್ಡಸ್ತಿಕಿ ಏನೂ ಕಾಣಂಗಿಲ್ಲ. ಬ್ರಿಟನ್ನಿನಾಗ 2021ರಾಗ ರೇಸ್‌ಕೋರ್ಸ್‌ಗಳ ಸೌನಾ ಕಾಯಂ ಬಂದ್ ಮಾಡಿದ್ರು, ಚೊಲೊ ಮಾಡಿದ್ರು. ಈಗಿನ ಹುಡುಗ್ರಿಗೆ ಡಯಟೀಷಿಯನ್ ಇರ್ತಾರ, ಮೊಟ್ಟಿ ಬಿಳಿದು, ಮೊಳಕಿ ಕಾಳು, ಸ್ವಲ್ಪ ಸ್ವಲ್ಪ ಐದು ಸಲ ತಿನ್ನೂದು ಅಂತ ಬಂದೈತಿ. ಆದ್ರ ಮೈ ಎಲುಬೇ ದೊಡ್ಡದಿದ್ರ ಯಾವ ಡಯಟೀಷಿಯನ್ನೂ ಏನೂ ಮಾಡಾಕ ಆಗಂಗಿಲ್ಲ. ಅದಕ್ಕ ಮ್ಯಾಲ ಕುಂದಗೋಳದಾವ್ರಿಗೆ ಸೋದರಮಾವನ ಎತ್ತರ ಕೇಳಿದ್ದು.

ಓಡೂದು ಕುದುರಿ, ಗೆಲ್ಲೂದು ಕುದುರಿ, ಜಾಕಿ ಬರೇ ಮ್ಯಾಲ ಕುಂದರ್ತಾನ. ನಮ್ಮ ಹೋರಿ ಹಬ್ಬದಾಗ ಹೋರಿ ಹಿಡಿಯಾವ್ರ ಮುಂದ ಇದೇನು ಮಹಾ?
– ಹೋರಿ ಅಭಿಮಾನಿ, ಹಿರೇಕೆರೂರು

ಮೊದ್ಲ ತಪ್ಪು, ಜಾಕಿ ಕುಂದರಂಗೇ ಇಲ್ಲ! ರಿಕಾಪಿನ್ಯಾಗ ಬೂಟಿನ ತುದಿ ಅಷ್ಟ ಇಟ್ಟು, ಮೊಣಕಾಲು ಮಡಚಿ, ಕುಂಡಿ ಜೀನಿಗೆ ತಾಗದಂಗ, ಬೆನ್ನು ನೆಲಕ್ಕ ಸಮ ಮಾಡಿ ಕುದುರಿ ಕುತ್ತಿಗಿ ಮ್ಯಾಲ ಬಗ್ಗಿರ್ತಾನ. ನೀವು ಮನ್ಯಾಗ ಗೋಡಿ ಮುಂದ ಹಂಗ ನಿಂದರ್ರಿ, ಎರಡು ನಿಮಿಷದಾಗ ತೊಡಿ ನಡಗ್ತಾವ. ಜಾಕಿ ಅದನ್ನ ಓಡೂ ಕುದುರಿ ಮ್ಯಾಲ ಮಾಡ್ತಾನ, ದಿನಕ್ಕ ಐದಾರು ಸಲ.

1890ರ ದಶಕದ ತನಕ ಇಂಗ್ಲೆಂಡಿನಾಗ ಎಲ್ಲಾರೂ ಕಾಲು ಉದ್ದ ಬಿಟ್ಟು ನೆಟ್ಟಗ ಕುಂದರ್ತಿದ್ರು. ಟಾಡ್ ಸ್ಲೋನ್ ಅಂತ ಅಮೆರಿಕಾದ ಜಾಕಿ ಬಂದು ರಿಕಾಪು ಗಿಡ್ಡ ಮಾಡಿ ಮಂಗ್ಯಾನಂಗ ಮುದ್ದಿ ಆಗಿ ಕೂತ, ಮಂದಿ ನಕ್ರು, ಅಂವ ಗೆದ್ಕೊಂತ ಹೋದ, ನಕ್ಕಾವ್ರೂ ಹಂಗ ಕುಂದರಾಕ ಶುರು ಮಾಡಿದ್ರು. 2009ರಾಗ ವಿಜ್ಞಾನಿಗಳು ಇದನ್ನ ಅಳದು ನೋಡಿದ್ರು. ಕುದುರಿ ಪ್ರತಿ ಹೆಜ್ಜಿಗೂ ಮ್ಯಾಲ ಕೆಳಗ ಹಿಂದ ಮುಂದ ಆಗ್ತೈತೆಲ್ರಿ, ಹಿಂಗ ಬಗ್ಗಿ ನಿಂತ ಜಾಕಿ ಮಾತ್ರ ಮೊಣಕಾಲು ಸ್ಪ್ರಿಂಗ್ ಮಾಡ್ಕೊಂಡು ಒಂದ ಮಟ್ಟದಾಗ ಇರ್ತಾನ. ಹಂಗಾಗಿ ಕುದುರಿ ಅವನ ತೂಕ ಹೊರ್ತೈತಿ ಖರೆ, ಪ್ರತಿ ಹೆಜ್ಜಿಗೆ ಅವನ್ನ ಎತ್ತಿ ಎತ್ತಿ ಒಗೀಬೇಕಾಗಂಗಿಲ್ಲ. ಆ ಕಾಲಕ್ಕ ರೇಸ್ ಟೈಮಿಂಗ್ ಶೇಕಡಾ 5ರಿಂದ 7 ಸುಧಾರಿಸಿದ್ದು ಹಿಂಗ.

ಇನ್ನ ಬುದ್ಧಿ ಕೆಲಸ. 1400 ಮೀಟರ್ ರೇಸ್ ಅಂದ್ರ 7 ಫರ್ಲಾಂಗ್, ಹೆಚ್ಚು ಕಡಿಮಿ ಒಂದೂವರಿ ನಿಮಿಷದೊಳಗ ಮುಗಿದು ಹೋಗ್ತೈತಿ. ಗೇಟ್ ಒಳಗ ಕುದುರಿ ಹಾಕಿದಾಗ ಆಜೂಬಾಜೂ ಕಬ್ಬಿಣ, ಮುಂದ ಕಬ್ಬಿಣ, ಕುದುರಿ ಮೈ ಬಿಸಿ ನಿಮ್ಮ ತೊಡಿಗೆ ತಾಗ್ತಿರ್ತೈತಿ, ಒಂದು ಕೈಯಾಗ ಲಗಾಮು, ಇನ್ನೊಂದು ಕೈಯಾಗ ಅದರ ಕುತ್ತಿಗಿ ಕೂದಲು ಒಂದು ಹಿಡಿ ಹಿಡಕೋಬೇಕು, ಇಲ್ಲಾಂದ್ರ ಬಾಗಲಾ ತೆಗದಾಗ ಅದು ಜಿಗಿಯೂ ಜಿಗಿತಕ್ಕ ನೀವು ಹಿಂದ ಬಿದ್ದು ಅದರ ಬಾಯಿ ಜಗ್ಗಿಬಿಡ್ತೀರಿ. ಗೇಟು ಬಡಕೊಂಡು ತಕ್ಕೊಂತಂದ್ರ ಮೊದಲ 200 ಮೀಟರಿನ್ಯಾಗ ತೀರ್ಮಾನ ಮಾಡ್ಬೇಕು, ಮುಂದ ಹೋಗ್ಲೋ, ಯಾರದರೆ ಹಿಂದ ಅಡಗಿ ಗಾಳಿ ತಪ್ಪಿಸ್ಕೊಳ್ಲೋ, ರೇಲ್ (ಟ್ರ್ಯಾಕಿನ ಒಳಬದಿ ಬೇಲಿ) ಹಿಡೀಲೋ ಅಂತ. ರೇಲ್ ಹಿಡದ್ರ ದಾರಿ ಕಡಿಮಿ, ಆದ್ರ ಮುಂದಿನದು ಸುಸ್ತಾಗಿ ಹಿಂದ ಬಂತಂದ್ರ ನೀವು ಡಬ್ಬಿಯೊಳಗ ಸಿಕ್ಕಂಗ, ಬದಿಗೆ ಸರಿಯಾಕ ಬಾಜೂ ಕುದುರಿ ಬಿಡಂಗಿಲ್ಲ. ಹೊರಗ ಹೋದ್ರ ದಾರಿ ಖುಲ್ಲಾ, ತಿರುವಿನ್ಯಾಗ ನಾಲ್ಕೈದು ಲೆಂಥ್ (ಒಂದು ಲೆಂಥ್ ಅಂದ್ರ ಒಂದು ಕುದುರಿ ಉದ್ದ) ಹೆಚ್ಚಿಗೆ ಓಡಬೇಕು. ಮಳಿಗಾಲದಾಗ ಮುಂದಿನ ಕುದುರಿ ಗೊರಸಿನ ಕೆಸರು ಮಾರಿಗೆ ಬಡೀತೈತಿ, ಕೆಲವ್ರು ಎರಡು ಮೂರು ಗಾಗಲ್ಸ್ ಒಂದರ ಮ್ಯಾಲೊಂದು ಹಾಕ್ಕೊಂಡು ಹೋಗಿ ಮಸಿ ಆದಂಗ ಒಂದೊಂದ ಕೆಳಗ ಎಳೀತಾರ. ಕುದುರಿಯ ಉಸಿರು, ಕಿವಿ, ಲಗಾಮಿನ ಬಿಗಿ ನೋಡಿ ಇದರಾಗ ಇನ್ನ ಎಷ್ಟು ಉಳದೈತಿ ಅಂತ ತಿಳಕೋಬೇಕು, ಆ ಉಳದದ್ದನ್ನ ಕಡೀ 400 ಮೀಟರಿಗೆ ಖರ್ಚು ಮಾಡ್ಬೇಕು. ಅದಕ್ಕಿಂತ 300 ಮೀಟರ್ ಮೊದ್ಲ ಖರ್ಚು ಮಾಡಿದಾಂವ ಷಾರ್ಟ್ ಹೆಡ್ಡಿಲೆ, ಅಂದ್ರ ಕುದುರಿ ತಲಿಗಿಂತ ಕಡಿಮಿ ಅಂತರದಾಗ, ಸೋಲ್ತಾನ.

ಹೋರಿ ಹಿಡಿಯಾವ್ರ ಧೈರ್ಯಕ್ಕ ನಾನೂ ಕೈ ಮುಗೀತೇನ್ರಿ, ಅದು ಬ್ಯಾರೆ ವಿದ್ಯಾ, ಇದು ಬ್ಯಾರೆ ವಿದ್ಯಾ.

ಹೆಣ್ಣುಮಕ್ಕಳು ಜಾಕಿ ಆಗಬಹುದಾ? ನಾನು ಎನ್‌ಸಿಸಿಯಲ್ಲಿದ್ದೀನಿ, 46 ಕೆಜಿ. ಮನೇಲಿ ಕೇಳಿದ್ರೆ ನಗ್ತಾರೆ.
– ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಆಗಬಹುದವ್ವಾ. ಚೆನ್ನೈನ ರೂಪಾ ಸಿಂಗ್ ಅಂತ ಅದಾರ, ನಮ್ಮ ದೇಶದ ಮೊದಲ ಪ್ರೊಫೆಷನಲ್ ಮಹಿಳಾ ಜಾಕಿ, ಗಂಡಸರ ಜೋಡಿ ಓಡ್ಸಿ ನೂರಾರು ರೇಸ್ ಗೆದ್ದಾರ. ಹೊರದೇಶದಾಗ ಜೂಲಿ ಕ್ರೋನ್ 1993ರಾಗ ಅಮೆರಿಕಾದ ದೊಡ್ಡ ರೇಸ್ ಬೆಲ್ಮಾಂಟ್ ಸ್ಟೇಕ್ಸ್ ಗೆದ್ರು. ಐರ್ಲೆಂಡಿನ ರೇಚೆಲ್ ಬ್ಲಾಕ್‌ಮೋರ್ 2021ರಾಗ ಗ್ರ್ಯಾಂಡ್ ನ್ಯಾಷನಲ್ ಗೆದ್ರು, ಅದು 30 ಬೇಲಿ ಹಾರಿಸೂ ರೇಸ್, ಅದನ್ನ ಗೆದ್ದ ಮೊದಲ ಹೆಣ್ಣುಮಗಳು. ಈ ಆಟದಾಗ ಗಂಡಸರಿಗೊಂದು ಹೆಂಗಸರಿಗೊಂದು ಅಂತ ಬ್ಯಾರೆ ರೇಸ್ ಇಡಂಗಿಲ್ಲ, ಒಂದ ಗೇಟು, ಒಂದ ತಕ್ಕಡಿ. ಆದ್ರ ಫ್ರಾನ್ಸಿನಾಗ 2017ರಿಂದ ಹೆಣ್ಣು ಜಾಕಿಗಳಿಗೆ ತೂಕದಾಗ ರಿಯಾಯ್ತಿ ಕೊಡಾಕ ಶುರು ಮಾಡಿದ್ರು, ಯಾಕಂದ್ರ ಹಂಗರೆ ಟ್ರೇನರ್‌ಗಳು ಅವರನ್ನ ಕೂಡಸ್ಲಿ ಅಂತ.

ಅಲ್ಲೇ ಗಂಟು ಇರೂದು. ಕುದುರಿಗೆ ಮ್ಯಾಲ ಗಂಡೋ ಹೆಣ್ಣೋ ಗೊತ್ತಾಗಂಗಿಲ್ಲ, ಮಾಲೀಕರಿಗೆ ಗೊತ್ತಾಗ್ತೈತಿ. ಲೈಸೆನ್ಸ್ ಸಿಕ್ಕ ಮ್ಯಾಲೂ ಚೊಲೊ ಮೌಂಟ್ ಕೊಡೂದಿಲ್ಲ, ಕೊನಿಗೆ ಬರೂ ಕುದುರಿ ಕೊಡ್ತಾರ, ಕೊನಿಗೆ ಬಂದ್ರ ನೋಡಿದ್ರಿಲ್ಲೋ ಅಂತಾರ. ಇದನ್ನ ತಿಳಕೊಂಡು ಹೋಗು. ಮೊದ್ಲ ಎನ್‌ಸಿಸಿಯೊಳಗ ಕುದುರಿ ಯುನಿಟ್ ಇದ್ದಲ್ಲಿ ಕ್ಯಾಂಪ್ ಸಿಕ್ರ ಹೋಗು, ಇಲ್ಲಾಂದ್ರ ಬೆಂಗಳೂರಿನ ಯಾವುದರೆ ರೈಡಿಂಗ್ ಸ್ಕೂಲಿನಾಗ ಸೂಟಿಯಾಗ ಒಂದು ತಿಂಗಳು ಇದ್ದು ನೋಡು. ಮನಿಯಾಗ ನಗಾಕತ್ತಾರ ಅಂದ್ರ ಇನ್ನೂ ಬ್ಯಾಡ ಅಂದಿಲ್ಲಂತ ಅರ್ಥ, ಅದು ಚೊಲೊ.

ಜಾಕಿ ಪಗಾರ ಎಷ್ಟು?
– ವ್ಯಾಪಾರಿ, ಗೋಕುಲ ರೋಡ್, ಹುಬ್ಬಳ್ಳಿ

ಪಗಾರ ಅಂತ ಇರೂದು ರೈಡಿಂಗ್ ಬಾಯ್‌ಗೆ, ಅಂದ್ರ ಮುಂಜಾನಿ ತಾಲೀಮಿನಾಗ ಕುದುರಿ ಓಡ್ಸೂ ಹುಡುಗಗ. ಜಾಕಿಗೆ ರೇಸ್ ಲೆಕ್ಕ. ಕುದುರಿ ಏರಿದ್ದಕ್ಕ ಒಂದು ರೈಡಿಂಗ್ ಫೀ, ಗೆದ್ರ ಬಹುಮಾನದಾಗ ಶೇಕಡಾವಾರು ಪಾಲು. ಅಮೆರಿಕಾದಾಗ ಗೆದ್ದಾಂವಗ 10 ಪರ್ಸೆಂಟ್ ಅನ್ನೂದು ವಾಡಿಕಿ, ನಮ್ಮಲ್ಲಿ ಕ್ಲಬ್‌ಗಳ ನಿಯಮದಂಗ. ಏರಲಿಲ್ಲಂದ್ರ ಸೊನ್ನಿ. ಒಂದು ಸೀಸನ್ನಿನಾಗ ಚೊಲೊ ಕುದುರಿಗಳೆಲ್ಲ ಬೆರಳೆಣಿಕಿ ಜಾಕಿಗಳ ಕೈಯಾಗ ಇರ್ತಾವ. ಸೂರಜ್ ನರೆಡು ಅಂಥಾವ್ರು 2 ಸಾವಿರದ ಮ್ಯಾಲ ಗೆಲುವು ಕಂಡಾವ್ರು, ಅವ್ರ ಮನಿತನಾನ ಕುದುರಿ ಮನಿತನ. ಪೆಸಿ ಶ್ರಾಫ್ ಜಾಕಿ ಆಗಿ 1751 ರೇಸ್ ಗೆದ್ದು 2004ರಾಗ ನಿವೃತ್ತಿ ತಗೊಂಡು ಟ್ರೇನರ್ ಆಗಿ ಮತ್ತ ಅಷ್ಟ ಹೆಸರು ಮಾಡಿದ್ರು. ಇವ್ರನ್ನ ನೋಡಿ ಲೆಕ್ಕ ಹಾಕಬ್ಯಾಡ್ರಿ. ನಡುವಿನ ಜಾಕಿ ಬ್ಯಾಸಿಗಿಗೆ ಬೆಂಗಳೂರು ಇಲ್ಲಾ ಊಟಿ, ಮಳಿಗಾಲಕ್ಕ ಮೈಸೂರು, ಪುಣೆ, ಹೈದರಾಬಾದ್, ಥಂಡಿಗೆ ಮುಂಬೈ, ಮತ್ತ ಬೆಂಗಳೂರು ಅಂತ ಚೀಲಾ ಹೊತ್ಕೊಂಡು ತಿರಗ್ತಾನ, ಬಾಡಿಗಿ, ರೈಲು, ಊಟ ಎಲ್ಲಾ ತಂದ.

ಮತ್ತ ಧಂಧೆ ಕಾಯಂ ಅಂತಲೂ ಇಲ್ಲ. 2020ರಾಗ ಕೋವಿಡ್ ಬಂದಾಗ ಎಲ್ಲಾ ಬಂದ್. 2024ರಾಗ ರೇಸ್ ನಡಸೂ ಲೈಸೆನ್ಸಿನ ಗುದ್ದಾಟದಾಗ ಬೆಂಗಳೂರಿನ ಬ್ಯಾಸಿಗಿ ಸೀಸನ್ನ ಕೆಟ್ಟು ಹೋತು, ಅದ ವರ್ಷ ಚೆನ್ನೈನ ಗಿಂಡಿ ರೇಸ್‌ಕೋರ್ಸ್ ಜಾಗಾನ ಅಲ್ಲಿ ಸರ್ಕಾರ ತಿರುಗಿ ತಗೊಂತು. ದೊಡ್ಡ ಮಾಲೀಕರು ತಡಕೊಂತಾರ, ದಿನಾ ಕುದುರಿ ಏರಿ ಉಣ್ಣಾವ್ರು ಎಲ್ಲಿ ಹೋಗ್ಬೇಕು? ನಿಮ್ಮಂಥಾ ವ್ಯಾಪಾರಸ್ಥರಿಗೆ ಇದನ್ನ ಬಿಡಿಸಿ ಹೇಳೂದು ಬ್ಯಾಡ.

ಒಂದ ಒಂದು ಟಿಪ್ ಕೊಡ್ರಿ ಸರ್.
– ಸವಣೂರು (ಮತ್ತ ಇನ್ನೂ ಭಾಳ ಮಂದಿ)

ಇಲ್ಲ. ಜಾಕಿಗೆ ಬೆಟ್ಟಿಂಗ್ ಕಟ್ಟೂದೇ ನಿಷಿದ್ಧ, ಒಳಗಿನ ಮಾತು ಹೊರಗ ಮಾರಿದ್ರ ವರ್ಷಗಟ್ಲೆ ಬ್ಯಾನ್. ಟಿಪ್ ಖರೆ ಇದ್ದಿದ್ರ ಟಿಪ್ ಕೊಡಾವ ಸೈಕಲ್ ಮ್ಯಾಲ ಯಾಕ ತಿರಗ್ತಿದ್ದ?

ನಮ್ಮ ಹುಡುಗ ಬೆಂಗಳೂರಾಗ ರೈಡಿಂಗ್ ಬಾಯ್ ಅದಾನ. ಬೆಳಿಗ್ಗಿ ವರ್ಕಿನಾಗ ಕುದುರಿ ಎಗರಿಸಿ ಒಗೀತಂತ, ಕಾಲರ್ ಬೋನ್ ಮುರೀತು, ತಲಿಗೂ ಪೆಟ್ಟಾಗಿ ಸ್ವಲ್ಪ ಹೊತ್ತು ಎಚ್ಚರ ಇದ್ದಿಲ್ಲಂತ. ಅಂವ ಕೆಲಸ ಮಾಡೂ ಕಡೆ "ಬೇಗ ಬಾ, ಇಲ್ಲಾಂದ್ರ ಬ್ಯಾರೆ ಹುಡುಗನ್ನ ಇಟ್ಕೊಂತೀವಿ" ಅಂದಾರ. ಅಂವನೂ ಹೋಗ್ತೇನಿ ಅಂತಾನ. ನನಗ ನಿದ್ದಿ ಇಲ್ಲ.
– ತಾಯಿ, ಲಕ್ಷ್ಮೇಶ್ವರ

ಅವ್ವಾರ, ಕಾಲರ್ ಬೋನ್ ಬಗ್ಗೆ ನೀವು ಹೆದರಬ್ಯಾಡ್ರಿ. ಈ ಕೆಲಸದಾಗ ಅದು ಮುರಿಯದಾವ್ರು ಕಡಿಮಿ, ಬೀಳೂಮುಂದ ಕೈ ಚಾಚ್ತೇವಿ, ಹೊಡ್ತ ಭುಜಕ್ಕ ಬರ್ತೈತಿ. ಕೂಡ್ತೈತಿ ಅದು. ತಲಿ ಪೆಟ್ಟು ಮಾತ್ರ ಸಣ್ಣದಂತ ತಿಳ್ಕೊಬ್ಯಾಡ್ರಿ. ಎಚ್ಚರ ತಪ್ಪಿತ್ತು ಅಂದ್ರ ಅದು ಕನ್ಕಷನ್, ಮೆದುಳಿಗೆ ಆದ ಪೆಟ್ಟು, ಅದು ವಾಸಿ ಆಗೂದ್ರೊಳಗ ಇನ್ನೊಂದು ಸಲ ತಲಿಗೆ ಬಿತ್ತಂದ್ರ ಪ್ರಾಣಕ್ಕ ಕುತ್ತು. ಹೊರಗ ಗಾಯ ಕಾಣಂಗಿಲ್ಲ, ಹುಡುಗ "ನಾ ಆರಾಮ ಅದೇನಿ" ಅಂತಾನ, ಎಲ್ಲಾ ಹುಡುಗ್ರೂ ಹಂಗ ಅಂತಾರ, ಯಾಕಂದ್ರ ಅವರ ಕುದುರಿ ಇನ್ನೊಬ್ಬನ ಪಾಲಾಗ್ತೈತಿ ಅನ್ನೂ ಅಂಜಿಕಿ. ಹೊರದೇಶದಾಗ ಈಗ ಜಾಕಿಗಳಿಗೆ ಮೊದ್ಲ ಒಂದು ಮೆಮೊರಿ, ರಿಯಾಕ್ಷನ್ ಪರೀಕ್ಷೆ ಮಾಡಿ ಇಟ್ಟಿರ್ತಾರ, ಬಿದ್ದ ಮ್ಯಾಲ ಮತ್ತ ಅದನ್ನ ಮಾಡಿ, ಮೊದಲಿನಷ್ಟು ಬಂದ್ರ ಅಷ್ಟ ಕುದುರಿ ಏರಾಕ ಬಿಡ್ತಾರ.

ನೀವು ಮಾಡೂದು ಇಷ್ಟು. ಹುಬ್ಬಳ್ಳಿಗೆ ಕರಕೊಂಡು ಬಂದು ನ್ಯೂರಾಲಜಿ ಡಾಕ್ಟರ್‌ಗೆ ತೋರಸ್ರಿ, ತಲಿನೋವು, ವಾಂತಿ, ಬೆಳಕು ನೋಡಿದ್ರ ತ್ರಾಸ, ಸಿಟ್ಟು, ಮರವು, ಇವು ಅದಾವೇನಂತ ನೀವ ನೋಡಿ ಡಾಕ್ಟರ್‌ಗೆ ಹೇಳ್ರಿ, ಹುಡುಗ ಹೇಳಂಗಿಲ್ಲ. "ಕೆಲಸಕ್ಕ ಯೋಗ್ಯ" ಅಂತ ಡಾಕ್ಟರ್ ಬರದು ಕೊಡೂ ತನಕ ಬಿಡಬ್ಯಾಡ್ರಿ. ಖರ್ಚು, ಇನ್ಶೂರೆನ್ಸ್ ವಿಚಾರ ಬಾಯಿ ಮಾತಿಲೆ ಬ್ಯಾಡ, ಅಂವ ಯಾರ ಹೆಸರಿನ ಮ್ಯಾಲ ರಿಜಿಸ್ಟರ್ ಅದಾನ, ಕೆಲಸದ ಮ್ಯಾಲ ಬಿದ್ದದ್ದು ಅಂತ ಎಲ್ಲೆರೆ ದಾಖಲಾಗೈತೇನು ಅಂತ ಬರವಣಿಗಿಲೆ ಕೇಳ್ರಿ. ಬ್ಯಾರೆ ಹುಡುಗನ್ನ ಇಟ್ಕೊಂತಾರ ಅಂದ್ರ ಇಟ್ಕೊಳ್ಳಿ. ಕೈ ಚೊಲೊ ಇದ್ದ ಹುಡುಗಗ ಲಾಯಕ್ಕೇನು ಬರ?

ನಿಮಗ ಹೆದರಸಾಕ ಅಲ್ಲ, ಹುಡುಗಗ ಓದಿ ಹೇಳ್ರಿ. ರಾನ್ ಟರ್ಕಾಟ್ ಅಂತ ಜಾಕಿ, 1973ರಾಗ ಸೆಕ್ರೆಟೇರಿಯಟ್ ಕುದುರಿ ಮ್ಯಾಲ ಬೆಲ್ಮಾಂಟ್ ಸ್ಟೇಕ್ಸನ್ನ 31 ಲೆಂಥ್‌ಲೆ ಗೆದ್ದಾಂವ, ಅಂಥಾ ಗೆಲುವು ಮತ್ತ ಯಾರೂ ನೋಡಿಲ್ಲ. 1978ರಾಗ ಅದ ಟ್ರ್ಯಾಕಿನಾಗ ಒಂದು ಸಾದಾ ರೇಸಿನಾಗ ಬಿದ್ದು ಸೊಂಟದ ಕೆಳಗ ಸ್ವಾಧೀನ ಹೋತು, ಉಳದ ಜೀವನ ಪೂರ್ತಿ ವೀಲ್‌ಚೇರ್ ಮ್ಯಾಲ ಕಳದ. ಅಷ್ಟು ದೊಡ್ಡ ಜಾಕಿ ಬಿದ್ದ ಅಂದ್ರ ತಪ್ಪು ಯಾರದು ಅಂತಲ್ಲ, ಈ ಕೆಲಸದಾಗ ಬೀಳೂದು ಇದ್ದದ್ದ. ಅದಕ್ಕ ಪ್ರತಿ ರೇಸಿನ ಹಿಂದ ಆ್ಯಂಬುಲೆನ್ಸ್ ಓಡ್ತೈತಿ.

ಕುದುರೆಗೆ ಹೊಡೆದು ಓಡಿಸುವುದು ಹಿಂಸೆಯಲ್ಲವೇ? ಮೇಲಾಗಿ ಇದು ಜೂಜು. ಇಂಥದ್ದಕ್ಕೆ ಪತ್ರಿಕೆ ಪ್ರಚಾರ ಕೊಡಬೇಕೆ?
– ನಿವೃತ್ತ ಶಿಕ್ಷಕರು, ಸಾಧನಕೇರಿ, ಧಾರವಾಡ

ಗುರುಗಳೇ, ಕಾನೂನಿನ ಮಾತು ಮೊದ್ಲ. 1996ರಾಗ ಸುಪ್ರೀಂ ಕೋರ್ಟು ಲಕ್ಷ್ಮಣನ್ ಕೇಸಿನ್ಯಾಗ ಕುದುರಿ ರೇಸು ಕೌಶಲದ ಆಟ, ಬರೇ ಅದೃಷ್ಟದ ಜೂಜಲ್ಲ ಅಂತ ತೀರ್ಪು ಕೊಟ್ಟೈತಿ. ಆದ್ರ ಕೌಂಟರಿನ ಮುಂದ ಮನಿ ಪಗಾರ ಕಳಕೊಂಡು ನಿಂತಾವ್ರ ಮಾರಿನೂ ನಾ ನೋಡೇನಿ, ಅವರಿಗೆ ಆ ತೀರ್ಪು ಓದಿ ಹೇಳಾಕ ಬಾಯಿ ಬರಂಗಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ಗೊಂತೇನಿ.

ಹೊಡೂದ್ರ ಬಗ್ಗೆ, ಈಗಿನ ಚಾಬೂಕು ತುದಿಗೆ ಫೋಮ್ ಮೆತ್ತಿಗಿ ಇರ್ತೈತಿ, ಎಷ್ಟು ಸಲ, ಎಲ್ಲಿ ಅನ್ನೂದಕ್ಕ ಲೆಕ್ಕ ಐತಿ. ಬ್ರಿಟನ್ನಿನಾಗ 2023ರಿಂದ ಫ್ಲಾಟ್ (ಬೇಲಿ ಹಾರಿಸದ) ರೇಸಿನಾಗ 6 ಸಲದ ಮಿತಿ, ಮಿತಿ ಮೀರಿ ಇನ್ನೂ 4 ಹೊಡದ್ರ ಕುದುರಿನ ಡಿಸ್ಕ್ವಾಲಿಫೈ. ನನ್ನ ಅಭಿಪ್ರಾಯ ಕೇಳಿದ್ರ ಚಾಬೂಕಿಲೆ ಗೆದ್ದ ರೇಸ್ ಕಡಿಮಿ, ಸುಸ್ತಾದ ಕುದುರಿಗೆ ಹೊಡದ್ರ ಅದು ಬಾಲಾ ತಿರುವಿ ಇನ್ನೂ ಹಿಂದ ಬೀಳ್ತೈತಿ. ಹೊಡೀದ ಓಡ್ಸಾಂವ ಜಾಕಿ.

ನನಗ ಕುದುರಿ ಅಂದ್ರ ಹುಚ್ಚು, ಆದ್ರ 68 ಕಿಲೋ ಅದೇನಿ, 22 ವರ್ಷ. ಬ್ಯಾರೆ ಏನರೆ ದಾರಿ?
– ಡಿಪ್ಲೊಮಾ ಮುಗಿಸಿದಾಂವ, ರಾಣೇಬೆನ್ನೂರು

ಬೇಕಾದಷ್ಟು, ಮತ್ತ ಜಾಕಿಗಿಂತ ಬಾಳಿಕಿ ಬರೂವ. ಸ್ಟಡ್ ಫಾರ್ಮಿನಾಗ ಮರಿ ಹಾಕಿಸೂದು, ಎಳೆ ಕುದುರಿ ಪಳಗಸೂದು, ತುಮಕೂರು ಕಡೆ ಕುಣಿಗಲ್ ಸ್ಟಡ್ ಫಾರ್ಮ್ ಟೀಪು ಕಾಲದಿಂದ ಕುದುರಿ ಇದ್ದ ಜಾಗ. ಪಳಗಸಾವ್ರು 68 ಕಿಲೋ ಇದ್ರ ಯಾರೂ ಬ್ಯಾಡ ಅನ್ನಂಗಿಲ್ಲ, ಸ್ವಲ್ಪ ಮೈಕಟ್ಟು ಇದ್ರ ಚೊಲೋನ. ಲಾಯದಾಗ ಹೆಡ್ ಲ್ಯಾಡ್ (ಕೆಲಸದ ಹುಡುಗ್ರ ಮುಖ್ಯಸ್ಥ), ಅಸಿಸ್ಟೆಂಟ್ ಟ್ರೇನರ್, ಅಲ್ಲಿಂದ ಟ್ರೇನರ್ ಲೈಸೆನ್ಸ್. ನಾಲಬಂದಿ ಕೆಲಸಂತೂ ಬಂಗಾರ, ಕಲ್ತಾವ್ರು ಕಡಿಮಿ. ರೇಸಿಗೆ ಅಲ್ಯುಮಿನಿಯಂ ನಾಲು ಬ್ಯಾರೆ ಹೊಡೀಬೇಕಾಗ್ತೈತಿ, ಗೊರಸು ಒಂದು ಗೆರಿ ಹೆಚ್ಚು ಕೆತ್ತಿದ್ರ ಲಕ್ಷಗಟ್ಲೆ ಬಾಳೂ ಕುದುರಿ ಕುಂಟತೈತಿ, ಅದಕ್ಕ ಕೈ ಕುಂತಾವ್ರಿಗೆ ಕರದು ರೊಕ್ಕ ಕೊಡ್ತಾರ. ಹಾನಗಲ್, ಸವಣೂರು ಕಡೆ ಎತ್ತಿಗೆ ನಾಲು ಹೊಡ್ಯಾವ್ರ ಮನಿ ಹುಡುಗ್ರು ಇದನ್ನ ಯಾಕ ಹಿಡಿಯಂಗಿಲ್ಲೋ ನನಗ ತಿಳೀವಲ್ದು. ಓದೂ ಮನಸ್ಸಿದ್ರ ಪಶುವೈದ್ಯಕೀಯ, ಗದಗಿನ್ಯಾಗ ಕಾಲೇಜ ಐತಿ, ಅದಕ್ಕ ಪಿಯುಸಿ ಸೈನ್ಸ್, ಸಿಇಟಿ ದಾರಿ ಹಿಡೀಬೇಕು.

ಒಂದು ಸಲ ಹೋಗಿ ಕಣ್ಣಾರೆ ನೋಡ್ಬೇಕು, ರೊಕ್ಕ ಕಟ್ಟೂದಿಲ್ಲ. ಹೆಂಗ ಹೋಗೂದು?
– ನವನಗರ, ಹುಬ್ಬಳ್ಳಿ

ಧಾರವಾಡ–ಬೆಂಗಳೂರು ವಂದೇ ಭಾರತ್ ಐತಿ, ಇಲ್ಲಾ ರಾತ್ರಿ ರಾಣಿ ಚೆನ್ನಮ್ಮಕ್ಕ ಕೂತ್ರ ಮುಂಜಾನಿ ಬೆಂಗಳೂರು, ಮೆಜೆಸ್ಟಿಕ್‌ನಿಂದ ರೇಸ್‌ಕೋರ್ಸ್ ರೋಡ್ ಹತ್ರ, ಆಟೋದಾವ ದೂರ ಐತಿ ಅಂದ್ರ ನಂಬಬ್ಯಾಡ್ರಿ. ಸೀಸನ್ ಐತೋ ಇಲ್ಲೋ ಮೊದ್ಲ ನೋಡ್ಕೊಂಡು ಹೊಂಡ್ರಿ, ಬೆಂಗಳೂರಾಗ ಇಲ್ಲದಾಗ ಮೈಸೂರಾಗ ಇರ್ತೈತಿ, ಚಾಮುಂಡಿ ಬೆಟ್ಟದ ಬುಡಕ್ಕ, ನೋಡಾಕ ಅದ ಚೆಂದ. ಕೌಂಟರ್ ಕಡೆ ಹೋಗಬ್ಯಾಡ್ರಿ, ಪ್ಯಾಡಕ್ ಕಡೆ ನಿಂದರ್ರಿ, ರೇಸಿಗೆ ಮುಂಚೆ ಕುದುರಿಗಳನ್ನ ಅಲ್ಲಿ ತಿರುಗಸ್ತಾರ. ಸೈಸ್, ಅಂದ್ರ ಕುದುರಿ ನೋಡ್ಕೊಳ್ಳಾಂವ, ಒಬ್ಬಾಂವ ಲಗಾಮು ಹಿಡದು ನಡಸ್ತಿರ್ತಾನ, ಜಾಕಿ ಬಂದು ಟೋಪಿಗೆ ಕೈ ಹಚ್ಚಿ ಮಾಲೀಕರಿಗೆ ನಮಸ್ಕಾರ ಮಾಡ್ತಾನ, ಟ್ರೇನರ್ ಅವನ ಮೊಣಕಾಲಿಗೆ ಕೈ ಕೊಟ್ಟು ಮ್ಯಾಲ ಎತ್ತಿ ಒಗೀತಾನ. ಆವಾಗ ಜಾಕಿ ಕಣ್ಣು ಎಲ್ಲಿ ಇರ್ತಾವ ನೋಡ್ರಿ, ಹೊಸಾ ಹುಡುಗ ಮಂದಿ ನೋಡ್ತಾನ, ಹಳೇಬ ಕುದುರಿ ಕಿವಿ ನೋಡ್ತಾನ. ನೀರಿನ ಬಾಟ್ಲಿ, ಟೋಪಿ ತಗೊಂಡು ಹೋಗ್ರಿ, 18 ತುಂಬದ ಮಕ್ಕಳನ್ನ ಕರಕೊಂಡು ಹೋಗಬ್ಯಾಡ್ರಿ.